ಕಡಿಮೆ ಖರ್ಚಿನಲ್ಲಿ ಎಂಜಿನ್ನಿನ ಒಳಗನ್ನು ಗಟ್ಟಿ ಮಾಡುವುದು ಹೇಗೆ?

ಪ್ರಶ್ನೆ: ನನ್ನ ಬಳಿ 2 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು ಇದೆ. ಬೋರ್ (ಸಿಲಿಂಡರಿನ ಒಳವ್ಯಾಸ) 86 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 86 ಮಿ.ಮೀ., ಕಂಪ್ರೆಷನ್ ಅನುಪಾತ 10:1. ಈವರೆಗೆ 1,20,000 ಕಿ.ಮೀ. ಓಡಿದೆ. ಟರ್ಬೊ ಹಾಕಿ ಈಗಿನ 150 ಅಶ್ವಶಕ್ತಿಯನ್ನು 240ರ ಹತ್ತಿರಕ್ಕೆ ತರಬೇಕು, ಜೊತೆಗೆ 7,000 ಇರುವ ಆರ್‌ಪಿಎಂ ಮಿತಿಯನ್ನು 8,000ಕ್ಕೆ ಏರಿಸಬೇಕು ಎಂಬ ಆಸೆ. ಆಗೊಮ್ಮೆ ಈಗೊಮ್ಮೆ ಟ್ರ್ಯಾಕ್‌ನಲ್ಲಿ ಓಡಿಸುತ್ತೇನೆ, ಉಳಿದ ದಿನಗಳಲ್ಲಿ ಇದೇ ಕಾರಿನಲ್ಲಿ ಕೆಲಸಕ್ಕೆ ಹೋಗಬೇಕು. ಫೋರ್ಜ್ಡ್ (ಬಡಿದು ರೂಪಿಸಿದ) ಪಿಸ್ಟನ್, ಅದನ್ನು ಕ್ರ್ಯಾಂಕಿಗೆ ಜೋಡಿಸುವ ರಾಡ್, ಕ್ಯಾಮ್, ವಾಲ್ವ್ ಸ್ಪ್ರಿಂಗ್ ಎಲ್ಲವೂ ಇರುವ ಕಿಟ್ ಕೊಂಡರೆ ಕೂಡಿಟ್ಟ ಹಣವೆಲ್ಲ ಅಲ್ಲಿಗೇ ಮುಗಿಯುತ್ತದೆ. ಯಾವುದನ್ನು ಕೊಳ್ಳಲಿ, ಯಾವುದನ್ನು ಬಿಡಲಿ? ಹಳೆಯ ರಾಡ್‌ಗಳನ್ನೇ ಪಾಲಿಶ್ ಮಾಡಿಸಿ ಬಳಸಬಹುದೇ?

ಉತ್ತರ:

ಆ ಕಿಟ್ ಸದ್ಯಕ್ಕೆ ಬೇಡ. ಕೊಳ್ಳಲೇಬಾರದು ಎಂದಲ್ಲ, ನಿಮ್ಮ ಎಂಜಿನ್ನಿಗೆ ಏನು ಬೇಕು ಎಂಬುದು ಇನ್ನೂ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದನ್ನು ಹೇಳಬೇಕಾದದ್ದು ಮೈಕ್ರೋಮೀಟರ್. ಕೈಯಲ್ಲಿರುವ ಹಣ ಕಡಿಮೆಯಾದಷ್ಟೂ ಅಳತೆಯ ಕೆಲಸಕ್ಕೆ ಹೋಗುವ ಪಾಲು ಹೆಚ್ಚಬೇಕು, ಬಿಡಿಭಾಗಗಳ ಪಾಲು ಇಳಿಯಬೇಕು. ಬಹಳ ಜನ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಹಣವನ್ನೆಲ್ಲ ಹೊಳೆಯುವ ಪಿಸ್ಟನ್ನಿಗೆ ಸುರಿದು, ಬೋರಿಂಗ್ (ಸಿಲಿಂಡರನ್ನು ಕೊರೆದು ಹಿಗ್ಗಿಸುವುದು), ಹೋನಿಂಗ್ (ಅದರ ಗೋಡೆಯನ್ನು ಕಲ್ಲಿನಿಂದ ಅರೆದು ಹದ ಮಾಡುವುದು), ಜೋಡಣೆಗಳ ಹೊತ್ತಿಗೆ ಕೈ ಬರಿದಾಗಿ, ಸಿಕ್ಕವರ ಕೈಗೆ ಒಪ್ಪಿಸುತ್ತಾರೆ. ಅಂಥ ಎಂಜಿನ್ನುಗಳನ್ನು ಬಿಚ್ಚಿ ನೋಡುವ ಕೆಲಸ ನನ್ನ ಪಾಲಿಗೆ ಎಷ್ಟೋ ಸಲ ಬಂದಿದೆ. ಪೆಟ್ಟಿಗೆಯಲ್ಲಿ ಬಂದ ಭಾಗ ಚೆನ್ನಾಗಿಯೇ ಇರುತ್ತದೆ, ಅದನ್ನು ಕೂರಿಸಿದ ಸಂದು ತಪ್ಪಾಗಿರುತ್ತದೆ.

ಇನ್ನೊಂದು ಮಾತನ್ನೂ ಆರಂಭದಲ್ಲೇ ಹೇಳಬೇಕು. ಫೋರ್ಜ್ಡ್ ರಾಡ್ ಮತ್ತು ಪಿಸ್ಟನ್ ತಾವಾಗಿ ಒಂದು ಅಶ್ವಶಕ್ತಿಯನ್ನೂ ಹೆಚ್ಚಿಸುವುದಿಲ್ಲ. ಶಕ್ತಿ ಬರುವುದು ಸಿಲಿಂಡರಿನೊಳಗೆ ಹೆಚ್ಚು ಗಾಳಿ ಹೋಗಿ, ಅದಕ್ಕೆ ತಕ್ಕ ಇಂಧನ ಸೇರಿ, ಸರಿಯಾದ ಕ್ಷಣದಲ್ಲಿ ಕಿಡಿ ಹಾರಿದಾಗ. ಒಳಭಾಗಗಳ ಕೆಲಸ ಆ ಶಕ್ತಿಯನ್ನು ಮುರಿಯದೆ ತಾಳಿಕೊಳ್ಳುವುದು. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ನಾನು ಕೇಳುತ್ತಿರುವ ಶಕ್ತಿಗೆ ಮೊದಲು ಮುರಿಯುವ ಭಾಗ ಯಾವುದು?

ಉತ್ತರ ನೀವು ಶಕ್ತಿಯನ್ನು ಯಾವ ದಾರಿಯಿಂದ ತರುತ್ತೀರಿ ಎಂಬುದರ ಮೇಲೆ ನಿಂತಿದೆ. ನೀವು ಎರಡು ದಾರಿಗಳನ್ನು ಒಟ್ಟಿಗೆ ಕೇಳಿದ್ದೀರಿ: ಟರ್ಬೊ ಮತ್ತು 8,000 ಆರ್‌ಪಿಎಂ. ಇವೆರಡೂ ರಾಡನ್ನು ಎದುರುಬದುರು ದಿಕ್ಕಿನಲ್ಲಿ ಕಾಡುತ್ತವೆ. ಟರ್ಬೊ ಒತ್ತಿ ಬಗ್ಗಿಸಲು ನೋಡುತ್ತದೆ, ಆರ್‌ಪಿಎಂ ಎಳೆದು ಹರಿಯಲು ನೋಡುತ್ತದೆ. ಸ್ವಲ್ಪ ಲೆಕ್ಕ ಹಾಕೋಣ, ಈ ಲೆಕ್ಕ ನಿಮ್ಮ ಹಣ ಉಳಿಸುತ್ತದೆ.

ನಿಮ್ಮ 86 × 86 ಅಳತೆ ಹೆಸರಾಂತ ಅಳತೆ. ಹೋಂಡಾದ ಕೆ20, ನಿಸಾನ್‌ನ ಎಸ್‌ಆರ್20, ಟೊಯೊಟಾದ ಆರು ಸಿಲಿಂಡರಿನ 2ಜೆಝಡ್, ಮೂರಕ್ಕೂ ಇದೇ ಬೋರ್, ಇದೇ ಸ್ಟ್ರೋಕ್. ರಾಡಿನ ಉದ್ದ 140 ಮಿ.ಮೀ. ಎಂದೂ, ಪಿಸ್ಟನ್, ಪಿನ್, ರಿಂಗ್ ಎಲ್ಲ ಸೇರಿ 400 ಗ್ರಾಂ ಎಂದೂ ಇಟ್ಟುಕೊಳ್ಳಿ. 7,000 ಆರ್‌ಪಿಎಂನಲ್ಲಿ ಪಿಸ್ಟನ್ ಮೇಲಿನ ತುದಿ ಮುಟ್ಟಿ ಹಿಂತಿರುಗುವಾಗ ಅದರ ವೇಗೋತ್ಕರ್ಷ ಗುರುತ್ವದ 3,000 ಪಟ್ಟನ್ನು ದಾಟುತ್ತದೆ. ಅಂದರೆ 400 ಗ್ರಾಂ ತೂಕದ ವಸ್ತು ಆ ಕ್ಷಣದಲ್ಲಿ ರಾಡನ್ನು ಸುಮಾರು 1.2 ಟನ್ ಬಲದಿಂದ ಮೇಲಕ್ಕೆ ಎಳೆಯುತ್ತದೆ. ಕಂಪ್ರೆಷನ್ ಸ್ಟ್ರೋಕಿನ ಕೊನೆಯಲ್ಲಿ ಈ ಎಳೆತಕ್ಕೆ ಎದುರಾಗಿ ಅನಿಲದ ಒತ್ತಡವಿರುತ್ತದೆ. ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ವಾಲ್ವ್ ತೆರೆದಿರುವುದರಿಂದ ತಡೆಯುವವರೇ ಇಲ್ಲ. ಎಳೆತ ಪೂರ್ತಿಯಾಗಿ ರಾಡಿನ ಕೆಳತುದಿಯ ಎರಡು ಬೋಲ್ಟ್‌ಗಳ ಮೇಲೆ ಬೀಳುತ್ತದೆ. ಈ ಬಲ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ 8,000ಕ್ಕೆ ಹೋದರೆ 1.2 ಟನ್ ಇದ್ದದ್ದು 1.6 ಟನ್ ಆಗುತ್ತದೆ. ಏರಿಸಿದ್ದು ಒಂದು ಸಾವಿರ ಸುತ್ತು, ಹೆಚ್ಚಿದ್ದು ಶೇ. 30ರಷ್ಟು ಹೊರೆ.

ಒತ್ತುವ ಬಲದ ಕಥೆ ಬೇರೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಸಿಲಿಂಡರಿನ ಗರಿಷ್ಠ ಒತ್ತಡ 65 ಬಾರ್ ಆಸುಪಾಸು ಇದ್ದರೆ, ಪಿಸ್ಟನ್ನಿನ ತಲೆಯ ಮೇಲೆ ಬೀಳುವ ಭಾರ ಸುಮಾರು 3.9 ಟನ್. ಟರ್ಬೊ ಹಾಕಿ ಅದು 100 ಬಾರ್ ಮುಟ್ಟಿದರೆ 5.9 ಟನ್. ಇಲ್ಲಿ ಒಂದು ವಿಚಿತ್ರವಿದೆ. 7,000 ಆರ್‌ಪಿಎಂನಲ್ಲಿ ಮೇಲಕ್ಕೆ ಎಳೆಯುವ 1.2 ಟನ್ ಇದರಲ್ಲಿ ಕಳೆದುಹೋಗಿ ರಾಡಿಗೆ ಅಂದಾಜು 4.7 ಟನ್ ಮಾತ್ರ ತಟ್ಟುತ್ತದೆ. ಅದೇ 100 ಬಾರ್ ಒತ್ತಡ 3,000 ಆರ್‌ಪಿಎಂನಲ್ಲೇ ಬಂದರೆ, ಅಲ್ಲಿ ಎಳೆತ ಕಾಲು ಟನ್ನೂ ಇಲ್ಲದಿರುವುದರಿಂದ ಹತ್ತಿರ ಹತ್ತಿರ 5.7 ಟನ್ ನೇರವಾಗಿ ರಾಡಿನ ಮೇಲೆ ಕೂರುತ್ತದೆ. ಚಿಕ್ಕ ಟರ್ಬೊ ಹಾಕಿ, ಕೆಳಗಿನ ಆರ್‌ಪಿಎಂನಲ್ಲೇ ಪೂರ್ತಿ ಬೂಸ್ಟ್ (ಟರ್ಬೊ ಗಾಳಿಯನ್ನು ತುಂಬುವ ಒತ್ತಡ) ಬರಿಸಿ, ಅದರ ಜಿಗಿತದಲ್ಲಿ ಖುಷಿಪಟ್ಟವರ ರಾಡ್‌ಗಳು ಬಗ್ಗುವುದು ಇದರಿಂದಲೇ. ಅವರ ಎಂಜಿನ್ನಿನ ಗರಿಷ್ಠ ಅಶ್ವಶಕ್ತಿಯ ಅಂಕಿ ಎಷ್ಟೋ ವೇಳೆ ಸಾಧಾರಣವಾಗಿಯೇ ಇರುತ್ತದೆ.

ಈ ಲೆಕ್ಕದಿಂದ ನಿಮಗೆ ಎರಡು ಲಾಭ. ಒಂದು, 8,000ದ ಆಸೆಯನ್ನು ಬಿಟ್ಟರೆ ಕ್ಯಾಮ್‌ಶಾಫ್ಟ್, ವಾಲ್ವ್ ಸ್ಪ್ರಿಂಗ್, ರಿಟೇನರ್ ಇಷ್ಟೂ ನಿಮ್ಮ ಪಟ್ಟಿಯಿಂದ ಹೋಗುತ್ತವೆ. 240 ಅಶ್ವಶಕ್ತಿ ಟರ್ಬೊದಿಂದ 7,000ದೊಳಗೇ ಸಿಗುತ್ತದೆ, ಹೆಚ್ಚುವರಿ ಸಾವಿರ ಸುತ್ತು ನಿಮಗೆ ಕೊಡುವುದು ಸದ್ದು ಮಾತ್ರ. ಇನ್ನೊಂದು, ಬೂಸ್ಟನ್ನು 3,000ದಲ್ಲೇ ಪೂರ್ತಿ ಬಿಡದೆ 4,000 – 4,500ರವರೆಗೆ ಮೆಲ್ಲಗೆ ಏರುವಂತೆ ಟ್ಯೂನ್ ಮಾಡಿಸಿದರೆ, ಒಂದು ಭಾಗವನ್ನೂ ಕೊಳ್ಳದೆ ರಾಡಿನ ಹೊರೆ ಇಳಿಯುತ್ತದೆ. ಕಡಿಮೆ ಹಣದವರಿಗೆ ಇದಕ್ಕಿಂತ ಒಳ್ಳೆಯ ಒಳಭಾಗದ ಸುಧಾರಣೆ ನನಗೆ ಗೊತ್ತಿಲ್ಲ.

ಇನ್ನು ಎಂಜಿನ್ನನ್ನು ಬಿಚ್ಚಬೇಕೇ ಎಂಬ ಪ್ರಶ್ನೆ. ಬಿಚ್ಚುವ ಮೊದಲು ಕಂಪ್ರೆಷನ್ ಪರೀಕ್ಷೆ ಮತ್ತು ಲೀಕ್‌ಡೌನ್ ಪರೀಕ್ಷೆ ಮಾಡಿಸಿ. ಮೊದಲನೆಯದರಲ್ಲಿ ನಾಲ್ಕು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಶೇ. 10ರೊಳಗೆ ಇರಬೇಕು. ಎರಡನೆಯದರಲ್ಲಿ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುತ್ತಾರೆ. ಶೇ. 10ರೊಳಗೆ ಸೋರಿದರೆ ಚೆನ್ನ, 20 ದಾಟಿದರೆ ಚಿಂತಿಸಬೇಕು. ಸೋರುವ ಗಾಳಿಯ ಸದ್ದು ಎಲ್ಲಿಂದ ಬರುತ್ತದೆ ಎಂಬುದಕ್ಕೂ ಕಿವಿಗೊಡಿ: ಆಯಿಲ್ ತುಂಬುವ ಬಾಯಿಂದ ಬಂದರೆ ರಿಂಗ್ ಸವೆದಿದೆ, ಇನ್‌ಟೇಕ್ ಅಥವಾ ಸೈಲೆನ್ಸರ್ ಕಡೆಯಿಂದ ಬಂದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಎರಡೂ ಪರೀಕ್ಷೆಯಲ್ಲಿ ಎಂಜಿನ್ ಗಟ್ಟಿ ಎಂದು ಕಂಡರೆ ನನ್ನ ಸಲಹೆ ನಿಮಗೆ ನಿರಾಸೆ ತರಬಹುದು. ಅದನ್ನು ಬಿಚ್ಚಲೇಬೇಡಿ. 0.4 ಬಾರ್ ಬೂಸ್ಟಿನಲ್ಲಿ, ದೊಡ್ಡ ಇಂಜೆಕ್ಟರ್, ಒಳ್ಳೆಯ ಇಂಟರ್‌ಕೂಲರ್, ಗಾಳಿ–ಇಂಧನದ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಮತ್ತು ಅನುಭವಿ ಟ್ಯೂನರ್‌ಗೆ ಹಣ ಕೊಟ್ಟು 200ರ ಆಸುಪಾಸಿನಲ್ಲಿ ಒಂದು ವರ್ಷ ಓಡಿಸಿ. ಉಳಿದ ಹಣವನ್ನು ಮುಂದಕ್ಕೆ ಇಡಿ.

ಪರೀಕ್ಷೆಯಲ್ಲಿ ಎಂಜಿನ್ ಸೋತರೆ, ಅಥವಾ 240 ಬೇಕೇ ಬೇಕು ಎಂದರೆ, ಬಿಚ್ಚೋಣ. ಬಿಚ್ಚಿದ ಮೇಲೂ ಅಂಗಡಿಗೆ ಓಡಬೇಡಿ. ಬೋರ್ ಗೇಜ್ ಹಿಡಿದು ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಅಳೆಯಬೇಕು. ಸವೆತ ಹೆಚ್ಚಾಗಿ ಮೇಲ್ಭಾಗದಲ್ಲೇ, ರಿಂಗ್ ಮೇಲೇರಿ ಹಿಂತಿರುಗುವ ಜಾಗದಲ್ಲಿ ಆಗಿರುತ್ತದೆ. ಕಾರಿನ ಸರ್ವಿಸ್ ಕೈಪಿಡಿಯ ಮಿತಿಯೇ ಕೊನೆಯ ಮಾತು. ನಾನಂತೂ ಓರೆ ಅಥವಾ ಅಂಡಾಕಾರ 0.05 ಮಿ.ಮೀ. ದಾಟಿದರೆ ಬೋರ್ ಮಾಡಿಸದೆ ಬಿಡುವುದಿಲ್ಲ. ಈ ಒಂದು ಅಳತೆಯೇ ನಿಮ್ಮ ಅತಿ ದೊಡ್ಡ ಖರ್ಚನ್ನು ತೀರ್ಮಾನಿಸುತ್ತದೆ. ಬೋರ್ ದೊಡ್ಡದು ಮಾಡಲೇಬೇಕಾದರೆ ಹಳೆಯ ಪಿಸ್ಟನ್ ಹೇಗಿದ್ದರೂ ಕೆಲಸಕ್ಕೆ ಬಾರದು, ಹೊಸದನ್ನು ಕೊಳ್ಳಲೇಬೇಕು. ಆಗ ಫೋರ್ಜ್ಡ್ ಪಿಸ್ಟನ್ ಕೊಳ್ಳುವುದರಲ್ಲಿ ಅರ್ಥವಿದೆ. ಬೋರ್ ಚೆನ್ನಾಗಿದ್ದರೆ ಹಳೆಯ ಪಿಸ್ಟನ್ನನ್ನೇ ತೊಳೆದು, ಅಳೆದು, ಹೊಸ ರಿಂಗ್ ಹಾಕಿ ಬಳಸುವುದು ಈ ಮಟ್ಟದ ಶಕ್ತಿಗೆ ತಪ್ಪಲ್ಲ.

ಎರಕದ ಪಿಸ್ಟನ್ ಎಂದರೆ ಕಳಪೆ ಎಂಬ ಭಾವನೆ ಬಹಳ ಜನರಲ್ಲಿದೆ. ಅದನ್ನು ಸ್ವಲ್ಪ ತಿದ್ದಬೇಕು. ಕಾರ್ಖಾನೆಯಿಂದ ಬರುವ ಅನೇಕ ಪಿಸ್ಟನ್‌ಗಳು ಹೆಚ್ಚು ಸಿಲಿಕಾನ್ ಬೆರೆತ, ಅಂದರೆ ಶೇ. 16ರಿಂದ 18ರವರೆಗೆ ಸಿಲಿಕಾನ್ ಇರುವ ಅಲ್ಯೂಮಿನಿಯಂ ಎರಕ. ಅವು ಬಿಸಿಗೆ ಕಡಿಮೆ ಹಿಗ್ಗುತ್ತವೆ, ನಿಧಾನವಾಗಿ ಸವೆಯುತ್ತವೆ, ಸದ್ದಿಲ್ಲದೆ ಓಡುತ್ತವೆ. ಅವುಗಳ ದೌರ್ಬಲ್ಯ ಒಂದೇ: ಪೆಡಸು. ನಾಕಿಂಗ್ ಆದಾಗ, ಅಂದರೆ ಮಿಶ್ರಣ ತಾನಾಗಿ ಸಿಡಿದು ಉರಿದಾಗ, ಸುತ್ತಿಗೆಯ ಏಟಿನಂಥ ಒತ್ತಡ ಬಿದ್ದು ಮೇಲಿನ ಎರಡು ರಿಂಗ್‌ಗಳ ನಡುವಿನ ತೆಳು ಅಂಚು ತುಂಡಾಗುತ್ತದೆ. ಸುಬಾರುವಿನ 2.5 ಲೀಟರ್ ಟರ್ಬೊ ಎಂಜಿನ್ನುಗಳಲ್ಲಿ ಈ ಅಂಚು ಮುರಿಯುವುದು ಚಿರಪರಿಚಿತ ತೊಂದರೆ. ನಾಕಿಂಗ್ ಇಲ್ಲದಂತೆ ನೋಡಿಕೊಂಡರೆ ಎರಕದ ಪಿಸ್ಟನ್ ಆಶ್ಚರ್ಯಪಡುವಷ್ಟು ತಾಳುತ್ತದೆ. ಫೋರ್ಜ್ಡ್ ಪಿಸ್ಟನ್ ಒಂದೆರಡು ಏಟನ್ನು ಸಹಿಸಿ ನಿಮಗೆ ತಿದ್ದಿಕೊಳ್ಳುವ ಅವಕಾಶ ಕೊಡುತ್ತದೆ. ನಾಕಿಂಗ್ ನಿಲ್ಲದಿದ್ದರೆ ಅದೂ ಕರಗುತ್ತದೆ, ಬೇರಿಂಗ್ ಕೂಡ ಜಜ್ಜಿಹೋಗುತ್ತದೆ.

ಫೋರ್ಜ್ಡ್ ಕೊಳ್ಳುವ ಸಂದರ್ಭ ಬಂದರೆ ನಿಮಗೆ 4032 ಮಿಶ್ರಲೋಹದ್ದನ್ನು ಹೇಳುತ್ತೇನೆ. ಅದರಲ್ಲಿ ಸುಮಾರು ಶೇ. 12 ಸಿಲಿಕಾನ್ ಇರುವುದರಿಂದ ಹಿಗ್ಗುವುದು ಕಡಿಮೆ, ಗೋಡೆಗೆ ಹತ್ತಿರವಾಗಿ ಕೂರಿಸಬಹುದು, ದಿನಬಳಕೆಗೆ ಹೊಂದುತ್ತದೆ. 2618 ಎಂಬುದರಲ್ಲಿ ಸಿಲಿಕಾನ್ ಇಲ್ಲವೆನ್ನುವಷ್ಟು ಕಡಿಮೆ. ಅದು ಹೆಚ್ಚು ಬಾಗುವ, ಹೆಚ್ಚು ಏಟು ತಿನ್ನುವ ಲೋಹ, ಆದರೆ ಬಿಸಿಗೆ ಹೆಚ್ಚು ಹಿಗ್ಗುವುದರಿಂದ ಸಂದು ಹೆಚ್ಚು ಬಿಡಬೇಕು. ಬೆಳಿಗ್ಗೆ ತಣ್ಣಗಿರುವಾಗ ಟಕಟಕ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ. ಭಾರಿ ಬೂಸ್ಟಿನ ರೇಸ್ ಕಾರಿಗೆ ಅದು ಸರಿ. ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರ್ ಮಾಡಿಸಿ. ತಯಾರಕರ ಚೀಟಿಯಲ್ಲಿರುವ ಸಂದನ್ನು ಆಯಾ ಪಿಸ್ಟನ್ನಿನ ನಿಜವಾದ ಅಳತೆಗೆ ಸೇರಿಸಿ, ಒಂದೊಂದು ಸಿಲಿಂಡರನ್ನು ಒಂದೊಂದು ಪಿಸ್ಟನ್ನಿಗೆ ಹೊಂದಿಸಬೇಕು.

ರಿಂಗ್ ಬಗ್ಗೆ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹಣವಿಲ್ಲದೆ ಸಿಗುವ ದೊಡ್ಡ ರಕ್ಷಣೆ ಇಲ್ಲಿದೆ. ರಿಂಗಿನ ಎರಡು ತುದಿಗಳ ನಡುವೆ ಒಂದು ಸಂದು ಇರುತ್ತದೆ. ಎಂಜಿನ್ ಬಿಸಿಯಾದಾಗ ರಿಂಗ್ ಹಿಗ್ಗಿ ಈ ಸಂದು ಕಿರಿದಾಗುತ್ತದೆ. ಟರ್ಬೊ ಎಂಜಿನ್ನಿನಲ್ಲಿ ಬಿಸಿ ಹೆಚ್ಚಾದ್ದರಿಂದ ಕಾರ್ಖಾನೆಯ ಸಂದು ಸಾಲದು. ತುದಿಗಳು ಒಂದಕ್ಕೊಂದು ತಾಗಿದ ಮೇಲೂ ಹಿಗ್ಗಲು ಹೋದ ರಿಂಗ್ ಗೋಡೆಗೆ ಕಚ್ಚಿಕೊಳ್ಳುತ್ತದೆ, ಪಿಸ್ಟನ್ ಮಾತ್ರ ಚಲಿಸುತ್ತಲೇ ಇರುತ್ತದೆ. ಪಿಸ್ಟನ್ನಿನ ತಲೆಯೇ ಕಿತ್ತು ಬರುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಬೋರಿನ ಸಾವಿರದಲ್ಲಿ ನಾಲ್ಕು ಭಾಗ ಸಂದು ಸಾಕು. ನಿಮ್ಮ 86 ಮಿ.ಮೀ.ಗೆ ಅದು 0.34 ಮಿ.ಮೀ. ಹದವಾದ ಬೂಸ್ಟಿಗೆ ಸಾವಿರದಲ್ಲಿ ಐದು ಭಾಗ, ಅಂದರೆ 0.43 ಮಿ.ಮೀ. ಬಿಡುತ್ತೇನೆ. ಬೂಸ್ಟ್ ಜೋರಾದರೆ ಆರು ಭಾಗ, 0.52 ಮಿ.ಮೀ. ಎರಡನೆಯ ರಿಂಗಿಗೆ ಇದಕ್ಕಿಂತ ತುಸು ಹೆಚ್ಚು. ಸಂದು ಸ್ವಲ್ಪ ದೊಡ್ಡದಾದರೆ ಒಂದಿಷ್ಟು ಅನಿಲ ಸೋರುತ್ತದೆ, ಅಷ್ಟೆ. ಕಿರಿದಾದರೆ ಎಂಜಿನ್ ಹೋಗುತ್ತದೆ.

ಒಮ್ಮೆ ನನ್ನ ಮೇಜಿಗೆ ಬಂದ ಎಂಜಿನ್ನಿನಲ್ಲಿ ಅತ್ಯುತ್ತಮ ಫೋರ್ಜ್ಡ್ ಪಿಸ್ಟನ್‌ಗಳಿದ್ದವು, ಮೂರನೆಯದರ ಅಂಚು ಹಾರಿಹೋಗಿತ್ತು. ಮಾಲೀಕರು ಪಿಸ್ಟನ್ ಕಂಪನಿಯನ್ನು ದೂರುತ್ತಿದ್ದರು. ನಾನು ರಿಂಗಿನ ತುದಿಗಳನ್ನು ದೀಪದ ಕೆಳಗೆ ಹಿಡಿದೆ. ಎರಡೂ ಕನ್ನಡಿಯಂತೆ ಹೊಳೆಯುತ್ತಿದ್ದವು. ತುದಿಗಳು ಒಂದನ್ನೊಂದು ಉಜ್ಜಿದ ಗುರುತು ಅದು. ಪೆಟ್ಟಿಗೆಯಿಂದ ತೆಗೆದ ರಿಂಗನ್ನು ಯಾರೂ ಅಳೆಯದೆ ಹಾಗೇ ಹಾಕಿದ್ದರು. ರಿಂಗ್ ಅರೆಯುವ ಕೈಯುಪಕರಣ ಮತ್ತು ಒಂದು ಮಧ್ಯಾಹ್ನದ ತಾಳ್ಮೆ ಇದ್ದಿದ್ದರೆ ಆ ಎಂಜಿನ್ ಉಳಿಯುತ್ತಿತ್ತು.

ಕೆಲಸ ಸರಳ. ರಿಂಗನ್ನು ಅದೇ ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನಿನಿಂದ ತಳ್ಳಿ ನೇರ ಮಾಡಿ, ಫೀಲರ್ ಗೇಜಿನಿಂದ ಸಂದು ನೋಡಿ. ಒಂದೇ ತುದಿಯನ್ನು ಅರೆಯಿರಿ, ಹೊರಮುಖದಿಂದ ಒಳಮುಖದ ಕಡೆಗೆ ಮಾತ್ರ. ಉಲ್ಟಾ ಅರೆದರೆ ಹೊರಮುಖದ ಲೇಪನ ಚೂರಾಗಿ ಏಳುತ್ತದೆ. ಕೊನೆಗೆ ಅಂಚಿನ ಚೂಪನ್ನು ಸಣ್ಣ ಕಲ್ಲಿನಿಂದ ಸವರಿ. ಷೆವರ್ಲೆ ಟ್ರಕ್‌ಗಳ 5.3 ಲೀಟರ್ ವಿ8 ಎಂಜಿನ್ನುಗಳನ್ನು ಗುಜರಿಯಿಂದ ತಂದು ಟರ್ಬೊ ಹಾಕುವವರು ವರ್ಷಗಳಿಂದ ಮಾಡಿಕೊಂಡು ಬಂದಿರುವುದು ಇದನ್ನೇ. ಕಾರ್ಖಾನೆಯ ಪಿಸ್ಟನ್, ರಾಡ್ ಹಾಗೇ ಇಟ್ಟು, ರಿಂಗಿನ ಸಂದನ್ನು ಮಾತ್ರ ಹಿಗ್ಗಿಸಿ, ಮೂಲ ಶಕ್ತಿಯ ಎಷ್ಟೋ ಪಟ್ಟು ಪಡೆದಿದ್ದಾರೆ.

ಈಗ ರಾಡ್, ನೀವು ನೇರವಾಗಿ ಕೇಳಿದ ವಿಷಯ. ಹಳೆಯ ರಾಡಿನ ಬದಿಯ ಅಚ್ಚಿನ ಗೆರೆಯನ್ನು ಉಜ್ಜಿ ನಯ ಮಾಡುವುದು, ಶಾಟ್ ಪೀನಿಂಗ್ (ಸಣ್ಣ ಗುಂಡುಗಳಿಂದ ಮೇಲ್ಮೈಯನ್ನು ಬಡಿಯುವುದು) ಮಾಡಿಸುವುದು, ಬೋಲ್ಟ್ ಬದಲಿಸುವುದು ಒಂದು ಕಾಲದಲ್ಲಿ ಎಲ್ಲರೂ ಹಿಡಿಯುತ್ತಿದ್ದ ದಾರಿ. ಸೀಳು ಹುಟ್ಟುವುದು ಮೇಲ್ಮೈಯ ಗೀರಿನಿಂದಲೇ ಆದ್ದರಿಂದ ಅದರ ಹಿಂದಿನ ತರ್ಕ ಸರಿಯಾಗಿಯೇ ಇದೆ. ಆದರೆ ಪಾಲಿಶ್ ಮಾಡಿದ ರಾಡ್ ದಣಿವನ್ನು ತಡವಾಗಿ ತೋರಿಸುತ್ತದೆಯೇ ಹೊರತು ಬಗ್ಗುವುದನ್ನು ತಡೆಯುವುದಿಲ್ಲ. ನಿಮ್ಮ ಸಮಸ್ಯೆ ಬಗ್ಗುವುದು. ಇನ್ನೊಂದು ತೊಡಕೂ ಇದೆ. ಇತ್ತೀಚಿನ ಬಹಳಷ್ಟು ಎಂಜಿನ್ನುಗಳ ರಾಡ್ ಲೋಹದ ಪುಡಿಯಿಂದ ಒತ್ತಿ ಮಾಡಿದ್ದು. ಅದರ ಕೆಳತುದಿಯ ಕ್ಯಾಪನ್ನು ಕೊಯ್ದಿರುವುದಿಲ್ಲ, ಮುರಿದು ಬೇರ್ಪಡಿಸಿರುತ್ತಾರೆ. ಮುರಿದ ಎರಡು ಮೈ ಒಂದಕ್ಕೊಂದು ಹಲ್ಲು ಕಚ್ಚಿದಂತೆ ಕೂರುತ್ತವೆ. ಬಲವಾದ ಬೋಲ್ಟ್ ಹಾಕಿದಾಗ ಬಿಗಿತ ಬದಲಾಗಿ ಬೇರಿಂಗ್ ಕೂರುವ ರಂಧ್ರ ತುಸು ಅಂಡಾಕಾರವಾಗುತ್ತದೆ. ಹಳೆಯ ಮಾದರಿಯ ರಾಡಿನಲ್ಲಿ ಕ್ಯಾಪಿನ ಮೈಯನ್ನು ಅರೆದು ಮತ್ತೆ ಗುಂಡಗೆ ಹೋನ್ ಮಾಡಬಹುದಿತ್ತು, ಮುರಿದ ಮೈಯನ್ನು ಅರೆಯಲಾಗದು. ಹೀಗಾಗಿ ಹಳೆಯ ರಾಡಿಗೆ ಬೋಲ್ಟ್, ಪಾಲಿಶ್, ಪೀನಿಂಗ್, ಹೋನಿಂಗ್ ಎಂದು ಮಾಡಿಸುವ ಖರ್ಚನ್ನು ಕೂಡಿಸಿದರೆ ಅದು 4340 ಉಕ್ಕಿನ ಸಾಧಾರಣ ಫೋರ್ಜ್ಡ್ ರಾಡ್‌ಗಳ ಬೆಲೆಯ ಹತ್ತಿರ ಬಂದು ನಿಲ್ಲುತ್ತದೆ. ಎಂಜಿನ್ ಹೇಗೂ ಬಿಚ್ಚಿರುವಾಗ, ನೀವು ಕೊಳ್ಳಲೇಬೇಕಾದ ಒಂದು ಭಾಗ ಯಾವುದು ಎಂದು ಕೇಳಿದರೆ ನಾನು ರಾಡ್ ಎನ್ನುತ್ತೇನೆ.

ರಾಡಿನ ಅಡ್ಡಕೊಯ್ತ ಎಚ್ ಆಕಾರವೋ ಐ ಆಕಾರವೋ ಎಂಬ ಚರ್ಚೆಯಲ್ಲಿ ಕಾಲ ಕಳೆಯಬೇಡಿ, ನಿಮ್ಮ ಮಟ್ಟಕ್ಕೆ ಎರಡೂ ಸಾಕು. ಬೋಲ್ಟ್ ಮಾತ್ರ ಒಳ್ಳೆಯ ತಯಾರಕರದ್ದಾಗಿರಲಿ, ನಂಬಿಕೆಯ ಕಡೆಯಿಂದ ಬರಲಿ, ಹೆಸರಾಂತ ಬೋಲ್ಟ್‌ಗಳಿಗೆ ನಕಲಿಗಳಿವೆ. ಕಡಿಮೆ ಬೆಲೆಯ ರಾಡ್ ಕೊಂಡರೆ ನಾಲ್ಕನ್ನೂ ಅಳೆಸಿ: ದೊಡ್ಡ ತುದಿಯ ಗುಂಡಗಿನತನ, ಸಣ್ಣ ತುದಿಯ ಬುಷ್, ಎರಡರ ನಡುವಿನ ದೂರ, ತೂಕ. ಇಂಥ ರಾಡ್‌ಗಳಲ್ಲಿ ಉಕ್ಕು ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಕೊನೆಯ ಹೋನಿಂಗ್‌ನಲ್ಲಿ ಕೈ ಬಿಟ್ಟಿರುತ್ತಾರೆ. ಅದನ್ನು ಸರಿಪಡಿಸುವುದು ಕಾರ್ಯಾಗಾರದಲ್ಲಿ ಒಂದೆರಡು ಗಂಟೆಯ ಕೆಲಸ. ಬೋಲ್ಟನ್ನು ಬಿಗಿ ಮಾಡುವಾಗ ತಯಾರಕರು ಹೇಳಿದ ಲೂಬ್ರಿಕೆಂಟನ್ನೇ ಹಚ್ಚಿ. ಟಾರ್ಕ್ ರೆಂಚ್ ತೋರಿಸುವ ಅಂಕಿಯಲ್ಲಿ ಹೆಚ್ಚಿನ ಪಾಲು ಘರ್ಷಣೆಗೇ ಹೋಗುತ್ತದೆ. ಸಾಧ್ಯವಾದರೆ ಸ್ಟ್ರೆಚ್ ಗೇಜಿನಿಂದ ಬೋಲ್ಟ್ ಎಷ್ಟು ಉದ್ದವಾಯಿತು ಎಂದು ಅಳೆಯಿರಿ, ಅದೇ ನಿಜವಾದ ಬಿಗಿತ. ಕಾರ್ಖಾನೆಯ ರಾಡನ್ನೇ ಉಳಿಸಿಕೊಂಡರೆ, ಒಮ್ಮೆ ಹಿಗ್ಗಿಸಿ ಬಿಗಿಸುವ ಬಗೆಯ ಬೋಲ್ಟನ್ನು ಎರಡನೆಯ ಸಲ ಬಳಸಬೇಡಿ.

ಕ್ರ್ಯಾಂಕ್‌ಶಾಫ್ಟಿಗೆ ಖರ್ಚು ಬೇಡ. ಸೀಳು ಪರೀಕ್ಷೆ, ನೇರ ಇದೆಯೇ ಎಂಬ ಪರೀಕ್ಷೆ, ಜರ್ನಲ್‌ಗಳಿಗೆ (ಬೇರಿಂಗಿನೊಳಗೆ ತಿರುಗುವ ಭಾಗಗಳಿಗೆ) ಪಾಲಿಶ್, ಇಷ್ಟಾದರೆ ಕಾರ್ಖಾನೆಯದ್ದೇ ಈ ಶಕ್ತಿಗೆ ಸಾಕು. ಮುಂಭಾಗದ ರಬ್ಬರ್ ಡ್ಯಾಂಪರ್ ತೆಗೆದು ಹಗುರ ಅಲ್ಯೂಮಿನಿಯಂ ಪುಲ್ಲಿ ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆ ರಬ್ಬರ್ ಇರುವುದು ಕ್ರ್ಯಾಂಕ್ ತಿರುಚಿ ಕಂಪಿಸುವುದನ್ನು ಹೀರಿಕೊಳ್ಳಲು.

ಬೇರಿಂಗ್ ಸಂದಿಗೆ ಹಳೆಯ ಲೆಕ್ಕ ಇಂದಿಗೂ ಒಳ್ಳೆಯದೇ: ಜರ್ನಲ್ ವ್ಯಾಸದ ಸಾವಿರದಲ್ಲಿ ಒಂದು ಭಾಗ. 50 ಮಿ.ಮೀ. ಜರ್ನಲ್‌ಗೆ 0.05 ಮಿ.ಮೀ. ಕ್ಯಾಪನ್ನು ಪೂರ್ತಿ ಟಾರ್ಕಿಗೆ ಬಿಗಿದು ಬೋರ್ ಗೇಜಿನಿಂದ ಅಳೆಯುವುದು ಉತ್ತಮ. ಆ ಉಪಕರಣ ಇಲ್ಲದಿದ್ದರೆ ಪ್ಲಾಸ್ಟಿಗೇಜ್ ಎಂಬ ಮೇಣದ ಎಳೆ ಸಿಗುತ್ತದೆ. ಅದನ್ನು ಜರ್ನಲ್ ಮೇಲಿಟ್ಟು ಕ್ಯಾಪ್ ಬಿಗಿದು ಬಿಚ್ಚಿ, ಎಷ್ಟು ಅಗಲಕ್ಕೆ ಚಪ್ಪಟೆಯಾಯಿತು ಎಂದು ಅದರ ಪಟ್ಟಿಯಲ್ಲಿ ನೋಡಬೇಕು. ನಡುವೆ ಕ್ರ್ಯಾಂಕನ್ನು ತಿರುಗಿಸಿದರೆ ಅಳತೆ ಕೆಡುತ್ತದೆ. ಆಯಿಲ್ ಪಂಪ್ ಹೊಸದಿರಲಿ. ಟ್ರ್ಯಾಕ್‌ನಲ್ಲಿ ಓಡಿಸುವವರಾದ್ದರಿಂದ ಆಯಿಲ್ ಪ್ಯಾನಿನೊಳಗೆ ತಡೆತಗಡು ಹಾಕಿಸಿ. ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪಿನ ಹೀರುಕೊಳವೆ ಗಾಳಿ ಹೀರಿದರೆ ಬೇರಿಂಗ್ ಹೋಗಲು ಕೆಲವೇ ಸೆಕೆಂಡು ಸಾಕು, ಆಗ ಒಳಗಿರುವುದು ಫೋರ್ಜ್ಡೋ ಎರಕವೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ತೂಕ ಹೊಂದಿಸುವ ಕೆಲಸವನ್ನು ನೀವೇ ಮಾಡಬಹುದು. 0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ಪಿಸ್ಟನ್ ಮತ್ತು ಪಿನ್‌ಗಳನ್ನು ಅದಲುಬದಲು ಮಾಡಿ ಜೋಡಿಸಿ ನೋಡಿ, ಅರ್ಧ ವ್ಯತ್ಯಾಸ ಅಲ್ಲೇ ಹೋಗುತ್ತದೆ. ಉಳಿದದ್ದನ್ನು ಅತ್ಯಂತ ಹಗುರವಾದದ್ದಕ್ಕೆ ಸಮನಾಗಿ ಇಳಿಸಿ, ಒಂದು ಗ್ರಾಮಿನೊಳಗೆ ತನ್ನಿ. ಲೋಹ ತೆಗೆಯುವುದು ಪಿಸ್ಟನ್ನಿನಲ್ಲಿ ಪಿನ್ ಕೂರುವ ಬಾಸಿನ ಕೆಳಗಿನ ದಪ್ಪ ಭಾಗದಿಂದ ಮಾತ್ರ.

ಹೋನಿಂಗ್ ಮಾಡಿಸುವ ಕಾರ್ಯಾಗಾರವನ್ನು ಆರಿಸುವಾಗ ಒಂದು ಪ್ರಶ್ನೆ ಕೇಳಿ: ಟಾರ್ಕ್ ಪ್ಲೇಟ್ ಇದೆಯೇ? ಹೆಡ್ ಬೋಲ್ಟ್ ಬಿಗಿದಾಗ ಬ್ಲಾಕ್ ಸ್ವಲ್ಪ ಸೊಟ್ಟಾಗುತ್ತದೆ. ದಪ್ಪ ಲೋಹದ ಹಲಗೆಯನ್ನು ಹೆಡ್ಡಿನಂತೆಯೇ ಬಿಗಿದು ಹೋನ್ ಮಾಡಿದರೆ, ಎಂಜಿನ್ ಜೋಡಿಸಿದ ಮೇಲೂ ಸಿಲಿಂಡರ್ ಗುಂಡಗಿರುತ್ತದೆ. ಕೆಲಸ ಮುಗಿದು ಬ್ಲಾಕ್ ಮನೆಗೆ ಬಂದ ಮೇಲೆ ಅದನ್ನು ತೊಳೆಯುವುದು ನಿಮ್ಮ ಕೆಲಸ. ಸೀಮೆಎಣ್ಣೆ, ಪೆಟ್ರೋಲ್ ಸಾಲದು, ಹೋನ್ ಕಲ್ಲಿನ ಪುಡಿ ಗೀರುಗಳೊಳಗೆ ಕೂತೇ ಇರುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸಾಬೂನು, ಬ್ರಷ್ ಹಿಡಿದು ಉಜ್ಜಿ. ಆಯಿಲ್ ಹಾದಿಗಳಿಗೂ ಉದ್ದನೆಯ ಬ್ರಷ್ ಹಾಕಿ. ಒಣಗಿಸಿದ ಕೂಡಲೆ ಆಯಿಲ್ ಸವರಿ, ಇಲ್ಲದಿದ್ದರೆ ನಿಮಿಷಗಳಲ್ಲಿ ತುಕ್ಕು ಏಳುತ್ತದೆ. ಬಿಳಿ ಬಟ್ಟೆಯಿಂದ ಒರೆಸಿದಾಗ ಬೂದುಬಣ್ಣ ಕಂಡರೆ ಮತ್ತೆ ತೊಳೆಯಿರಿ. ನಾಲ್ಕನೆಯ ಸಲ ತೊಳೆಯುವಾಗ ಬೇಸರ ಬರುತ್ತದೆ. ಆದರೂ ತೊಳೆಯಿರಿ, ಆ ಪುಡಿ ಹೊಸ ಬೇರಿಂಗಿಗೆ ಮರಳು ಕಾಗದ ಇದ್ದಂತೆ.

ಹೆಡ್ಡಿನ ಕಡೆ ಹೆಚ್ಚು ಕೆಲಸವಿಲ್ಲ. ಬಹುಪದರದ ಉಕ್ಕಿನ ಗ್ಯಾಸ್ಕೆಟ್, ಅದಕ್ಕೆ ಬೇಕಾದಷ್ಟು ನುಣುಪಾಗಿ ಸಮ ಮಾಡಿದ ಮೈ, ಬೋಲ್ಟಿನ ಬದಲು ಸ್ಟಡ್, ವಾಲ್ವ್‌ಗಳಿಗೆ ಲ್ಯಾಪಿಂಗ್ (ಕೂರುವ ಜಾಗಕ್ಕೆ ಉಜ್ಜಿ ಹೊಂದಿಸುವುದು), ಹೊಸ ಸೀಲ್. ಇಲ್ಲಿ ಒಂದು ತಪ್ಪಿನ ಬಗ್ಗೆ ಎಚ್ಚರಿಸಬೇಕು. ಟರ್ಬೊಗಾಗಿ ಕಂಪ್ರೆಷನ್ ಇಳಿಸಲು ದಪ್ಪ ಗ್ಯಾಸ್ಕೆಟ್ ಹಾಕುವುದು ಅಗ್ಗದ ಉಪಾಯವಾಗಿ ಕಾಣುತ್ತದೆ. ಲೆಕ್ಕ ನೋಡಿ. ನಿಮ್ಮ ಒಂದು ಸಿಲಿಂಡರ್ ಸುಮಾರು 500 ಸಿಸಿ, 10:1ಕ್ಕೆ ಪಿಸ್ಟನ್ ತುದಿ ಮುಟ್ಟಿದಾಗ ಮೇಲೆ ಉಳಿಯುವ ಜಾಗ 55.5 ಸಿಸಿ. ಗ್ಯಾಸ್ಕೆಟ್ 0.5 ಮಿ.ಮೀ. ದಪ್ಪವಾದರೆ 2.9 ಸಿಸಿ ಸೇರುತ್ತದೆ, ಅನುಪಾತ ಇಳಿಯುವುದು 9.6:1ಕ್ಕೆ ಮಾತ್ರ. ಇದಕ್ಕೆ ತೆರುವ ಬೆಲೆ ದೊಡ್ಡದು. ಪಿಸ್ಟನ್ನಿನ ಅಂಚು ಮತ್ತು ಹೆಡ್ಡಿನ ಚಪ್ಪಟೆ ಭಾಗದ ನಡುವಿನ ಸುಮಾರು ಒಂದು ಮಿಲಿಮೀಟರಿನ ಸಂದು, ಕೊನೆ ಕ್ಷಣದಲ್ಲಿ ಮಿಶ್ರಣವನ್ನು ನಡುವಿಗೆ ಚಿಮ್ಮಿಸಿ ಬೇಗ ಉರಿಯುವಂತೆ ಮಾಡುತ್ತದೆ. ಅದನ್ನು ಒಂದೂವರೆ ಮಿ.ಮೀ. ಮಾಡಿದರೆ ಆ ಚಿಮ್ಮುವಿಕೆ ಸತ್ತು ನಾಕಿಂಗ್ ಹೆಚ್ಚಬಹುದು. ಹೊಸ ಪಿಸ್ಟನ್ ಕೊಳ್ಳುವುದಾದರೆ ತಲೆಯಲ್ಲಿ ತಗ್ಗು ಇರುವ, 9:1 ಕೊಡುವ ಪಿಸ್ಟನ್ ಆರಿಸಿ. ಹಳೆಯದನ್ನೇ ಉಳಿಸಿದರೆ 10:1 ಇರಲಿ, ಬೂಸ್ಟನ್ನು ಮಿತವಾಗಿಟ್ಟು ಉತ್ತಮ ಆಕ್ಟೇನಿನ ಪೆಟ್ರೋಲ್ ಹಾಕಿ.

ಟ್ಯೂನಿಂಗ್ ಬಗ್ಗೆ ಇಷ್ಟು ಹೇಳುತ್ತೇನೆ. ಪೂರ್ತಿ ಬೂಸ್ಟಿನಲ್ಲಿ ಗಾಳಿ–ಇಂಧನದ ಅನುಪಾತ 11.5ರಿಂದ 12ರ ನಡುವೆ ಇರಲಿ. ಇಗ್ನಿಷನ್ ಟೈಮಿಂಗಿನಲ್ಲಿ ಕೊನೆಯ ಐದು ಅಶ್ವಶಕ್ತಿಯನ್ನು ಹಿಂಡಬೇಡಿ. ಟ್ಯೂನರ್ ನಾಕಿಂಗನ್ನು ಕಿವಿಯಿಂದಲೋ ಸೆನ್ಸರಿನಿಂದಲೋ ಕೇಳಿಸಿಕೊಳ್ಳುತ್ತಾ ಕೆಲಸ ಮಾಡುವವರಾಗಿರಬೇಕು. ಬಾಕಿ ಎಲ್ಲದರಲ್ಲಿ ಉಳಿತಾಯ ಮಾಡಿದರೂ ಇಲ್ಲಿ ಮಾಡಬೇಡಿ.

ಮೊದಲ ಸಲ ಶುರು ಮಾಡುವ ಮುನ್ನ ಪ್ಲಗ್ ತೆಗೆದು, ಇಂಧನ ನಿಲ್ಲಿಸಿ, ಆಯಿಲ್ ಒತ್ತಡ ಮೀಟರಿನಲ್ಲಿ ಕಾಣುವವರೆಗೆ ಸ್ಟಾರ್ಟರಿನಿಂದ ತಿರುಗಿಸಿ. ಶುರುವಾದ ಮೇಲೆ ಸೋರಿಕೆ ನೋಡಿಕೊಂಡು ಬೇಗ ರಸ್ತೆಗೆ ಇಳಿಯಿರಿ. ನಿಂತಲ್ಲೇ ಗಂಟೆಗಟ್ಟಲೆ ಓಡಿಸಿದರೆ ರಿಂಗ್ ಕೂರುವುದಿಲ್ಲ. ರಿಂಗನ್ನು ಗೋಡೆಗೆ ಒತ್ತುವುದು ಸಿಲಿಂಡರಿನ ಒತ್ತಡ, ಅದಕ್ಕೆ ಹೊರೆ ಬೇಕು. ಬೂಸ್ಟ್ ಇಲ್ಲದೆ, ಅರ್ಧ ಥ್ರಾಟಲಿನಲ್ಲಿ ವೇಗ ಏರಿಸಿ, ಗೇರಿನಲ್ಲೇ ಬಿಟ್ಟು ಇಳಿಸಿ, ಹೀಗೆ ಹಲವು ಸಲ. ಅರ್ಧ ಗಂಟೆ ಓಡಿದ ಮೇಲೆ ಮೊದಲ ಆಯಿಲ್ ಬದಲಿಸಿ, 500 ಕಿ.ಮೀ.ಗೆ ಇನ್ನೊಮ್ಮೆ.

ಎರಡೂ ಸಲ ಆಯಿಲ್ ಫಿಲ್ಟರನ್ನು ಕೊಯ್ದು, ಒಳಗಿನ ಕಾಗದವನ್ನು ಬಿಡಿಸಿ ಬೆಳಕಿನಲ್ಲಿ ನೋಡಿ. ಮೊದಲನೆಯದರಲ್ಲಿ ತೆಳುವಾದ ಬೂದು ಕೆಸರಿನಂಥ ಪುಡಿ ಇದ್ದರೆ ಅದು ರಿಂಗ್ ಮತ್ತು ಗೋಡೆ ಹೊಂದಿಕೊಳ್ಳುತ್ತಿರುವ ಗುರುತು, ಭಯವಿಲ್ಲ. ಎರಡನೆಯದರಲ್ಲಿ ಅದು ಬಹುಪಾಲು ಇಲ್ಲದಂತಾಗಬೇಕು. ಕಣ್ಣಿಗೆ ಕಾಣುವ ಚೂರುಗಳಿದ್ದರೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಉಕ್ಕು ಅಥವಾ ಕಬ್ಬಿಣ, ಅಂಟದೆ ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ ಇಲ್ಲವೇ ಬೇರಿಂಗಿನ ಮೇಲ್ಪದರ, ತಾಮ್ರದ ಬಣ್ಣವಿದ್ದರೆ ಬೇರಿಂಗ್ ಒಳಪದರದವರೆಗೆ ಸವೆದಿದೆ. ಈ ಮೂರರಲ್ಲಿ ಯಾವುದು ಕಂಡರೂ ಬೂಸ್ಟ್ ಪೈಪನ್ನು ಜೋಡಿಸದೆ, ಎಂಜಿನ್ ಶುರು ಮಾಡದೆ, ಮೊದಲು ಪ್ಯಾನ್ ಇಳಿಸಿ ಬೇರಿಂಗ್ ನೋಡಿ. ಫಿಲ್ಟರ್ ಸ್ವಚ್ಛವಾಗಿದ್ದರೆ ಮರುದಿನ ಟ್ಯೂನರ್ ಬಳಿಗೆ ಕಾರನ್ನು ಒಯ್ಯಿರಿ. 0.3 ಬಾರ್‌ನಿಂದ ಆರಂಭಿಸಲು ಹೇಳಿ.